ಪದಚರ್ಚೆ: ಮಸುಕು, ಮಬ್ಬು, ಅಲುಗಿದ್ದು – ಎಲ್ಲವೂ ‘ಅಸ್ಪಷ್ಟ’ವೇ?

ನಮಸ್ಕಾರ.

ಪೆನ್ಸಿಲಿನಲ್ಲಿ ಕಾಡುಪ್ರಾಣಿಗಳ ಚಿತ್ರ ಬರೆಯುವುದು ನನ್ನ ಹವ್ಯಾಸ. ಫೋಟೊ ನೋಡಿಕೊಂಡು ಬರೆಯಲು ಹೊಸದಾಗಿ ಕಲಿಯುವವರಿಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಮೂರು ಪುಟ ಮುಗಿಸಿ ತಿರುಗಿ ಓದಿದರೆ ‘ಅಸ್ಪಷ್ಟ’ ಅನ್ನುವ ಪದ ಹದಿನಾಲ್ಕು ಸಲ ಬಂದಿದೆ. ಕಿವಿಗೆ ಬೇಸರ ಅನ್ನುವುದಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಆದರೆ ಒಂದೊಂದು ಕಡೆ ಅದಕ್ಕೆ ಒಂದೊಂದು ಅರ್ಥ.

ಫೋಟೊ ಕೆಡುವುದು ಒಂದೇ ರೀತಿಯಲ್ಲಿ ಅಲ್ಲವಲ್ಲ. ಫೋಕಸ್ ಮುಂದಿನ ಹುಲ್ಲಿನ ಮೇಲೆ ಕೂತರೆ ಹುಲ್ಲು ಚೂಪಾಗಿ ಬರುತ್ತದೆ, ಹಿಂದಿರುವ ಹುಲಿಯ ಮುಖ ಹತ್ತಿಯ ಹಾಗೆ ಮೆತ್ತಗಾಗುತ್ತದೆ. ಆಗ ತುಪ್ಪಳದ ಎಳೆ ಕಾಣದಿದ್ದರೂ ತಲೆಯ ಒಟ್ಟು ಆಕಾರವನ್ನು ನಂಬಬಹುದು. ಪ್ರಾಣಿ ಓಡಿದ್ದರೆ ಕಥೆಯೇ ಬೇರೆ. ಅದು ಓಡಿದ ದಿಕ್ಕಿಗೆ ಎಲ್ಲವೂ ಎಳೆದುಕೊಂಡಿರುತ್ತದೆ. ಅದೇ ದಿಕ್ಕಿಗೆ ಸಾಗುವ ಬೆನ್ನಿನ ಗೆರೆ ಹೆಚ್ಚುಕಡಿಮೆ ಉಳಿಯುತ್ತದೆ, ಅಡ್ಡಲಾಗಿರುವ ಕಾಲುಗಳು ಕರಗಿ ಹೋಗುತ್ತವೆ. ಸೂರ್ಯನಿಗೆ ಎದುರಾಗಿ ತೆಗೆದದ್ದಾದರೆ ಮೈಯೆಲ್ಲ ಕಪ್ಪು, ಆದರೆ ಹೊರಗೆರೆ ಮಾತ್ರ ಖಚಿತ. ದೂರದಲ್ಲಿದ್ದ ಹಕ್ಕಿಯನ್ನು ಕತ್ತರಿಸಿ ದೊಡ್ಡದು ಮಾಡಿದರೆ ಬರೀ ಚೌಕಗಳು. ಬರೆಯುವವರಿಗೆ ಇವೆಲ್ಲ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ. ಎಲ್ಲಕ್ಕೂ ‘ಅಸ್ಪಷ್ಟ’ ಅಂದುಬಿಟ್ಟರೆ ಯಾವ ಗೆರೆಯನ್ನು ನಂಬಬೇಕು ಅಂತ ಹೇಳುವುದು ಹೇಗೆ?

‘ಬ್ಲರ್’ ಅಂತ ಬರೆಯಬಹುದಲ್ಲ ಅನ್ನುವಿರಿ. ಬರೆಯಬಹುದು, ನನಗೆ ಮಡಿ ಏನಿಲ್ಲ. ಆದರೆ ಮೊದಲ ಎರಡನ್ನೂ ನಾವು ಬ್ಲರ್ ಅಂತಲೇ ಕರೆಯುತ್ತೇವೆ. ತೊಡಕು ಅಲ್ಲೇ ಉಳಿಯಿತು.

ಸದ್ಯಕ್ಕೆ ನಾನು ಹೀಗೆ ಹಂಚಿಕೊಂಡಿದ್ದೇನೆ. ಫೋಕಸ್ ತಪ್ಪಿದ್ದು ‘ಮಸುಕು’. ಓಟಕ್ಕೋ ಕೈ ನಡುಕಕ್ಕೋ ಕೆಟ್ಟದ್ದು ‘ಅಲುಗಿದ್ದು’. ಬೆಳಕು ಸಾಲದೆ ಕೆಟ್ಟದ್ದು ‘ಮಬ್ಬು’. ಮಬ್ಬು ಬೆಳಕು, ಮಬ್ಬುಗತ್ತಲೆ ಅಂತ ಮೊದಲೇ ಬಳಕೆಯಲ್ಲಿ ಇರುವುದರಿಂದ ಇದು ಸಲೀಸಾಗಿ ಕೂರುತ್ತದೆ. ಬಣ್ಣ ಸತ್ತಿದ್ದರೆ ‘ಮಂಕು’. ಚೌಕ ಚೌಕವಾಗಿ ಕಾಣುವುದಕ್ಕೆ ‘ಒಡೆದದ್ದು’ ಅಂತ ಹಾಕಿದ್ದೇನೆ, ‘ದೊಡ್ಡದು ಮಾಡಿದರೆ ಫೋಟೊ ಒಡೆಯುತ್ತೆ’ ಅನ್ನುವ ಮಾತು ಕೇಳಿದ್ದೇನೆ. ‘ಮಂಜು’ ಮಾತ್ರ ಬೇಡ ಅನ್ನಿಸಿತು. ಕಣ್ಣು ಮಂಜಾಗುವುದು ನೋಡುವವರ ಕಣ್ಣಿನ ದೋಷ. ಜೊತೆಗೆ ಕಾಡಿನಲ್ಲಿ ನಿಜವಾದ ಮಂಜೂ ಇರುತ್ತದಲ್ಲ! ಮಸುಕು–ಮಬ್ಬುಗಳ ನಡುವೆ ನಾನು ಎಳೆದ ಗೆರೆ ನಿಮ್ಮ ಕಿವಿಗೂ ಸರಿ ಕೇಳುತ್ತದೆಯೇ? ಅಥವಾ ನಿಮ್ಮ ಕಡೆ ಎರಡೂ ಒಂದೇನಾ?

ಇನ್ನು ‘ತಿದ್ದು’. ಈ ಪದ ನನ್ನನ್ನು ನಿಜಕ್ಕೂ ಸತಾಯಿಸಿದೆ. ಬರೆದಿಟ್ಟ ಅಕ್ಷರದ ಮೇಲೆಯೇ ಕೈ ಆಡಿಸುವುದೂ ತಿದ್ದುವುದೇ, ತಪ್ಪನ್ನು ಸರಿ ಮಾಡುವುದೂ ತಿದ್ದುವುದೇ. ‘ಫೋಟೊದ ಕಾಲನ್ನು ತಿದ್ದಿ’ ಅಂತ ಬರೆದೆ. ಓದಿದ ಗೆಳೆಯರೊಬ್ಬರು ಫೋಟೊ ಮೇಲೆ ತೆಳು ಹಾಳೆ ಇಟ್ಟು, ಅಲುಗಿದ ಕಾಲನ್ನು ಇದ್ದಂತೆಯೇ ಎಳೆದು ತಂದರು. ಜಿಂಕೆಗೆ ಆರು ಕಾಲು. ತಪ್ಪು ಅವರದಲ್ಲ, ನನ್ನ ವಾಕ್ಯದ್ದು. ಈಗ ಮೊದಲನೆಯದಕ್ಕೆ ‘ಗೆರೆ ಎತ್ತು’, ಎರಡನೆಯದಕ್ಕೆ ‘ಸರಿಪಡಿಸು’ ಅಂತ ಮಾಡಿಕೊಂಡಿದ್ದೇನೆ. ‘ಗೆರೆ ಎತ್ತು’ ನಡೆಯುತ್ತದಾ?

‘ತದ್ರೂಪ’ ಮತ್ತು ‘ನೈಜ’ದ ಜಗಳವೂ ಇದಕ್ಕೆ ಹತ್ತಿರದ್ದು. ಮಸುಕು ಫೋಟೊದ ತದ್ರೂಪ ಅಂದರೆ ಮಸುಕು ಹುಲಿಯೇ. ನೈಜ ಚಿತ್ರ ಹೋಲಬೇಕಾದ್ದು ಫೋಟೊವನ್ನಲ್ಲ, ಪ್ರಾಣಿಯನ್ನು. ಆದ್ದರಿಂದಲೇ ನೋಡಿಕೊಂಡು ಬರೆಯುವ ಫೋಟೊಗೆ ‘ಆಧಾರಚಿತ್ರ’ ಅನ್ನುವುದೂ ನನಗೆ ಒಗ್ಗುತ್ತಿಲ್ಲ, ಕೆಟ್ಟ ಫೋಟೊ ಯಾವುದಕ್ಕೆ ಆಧಾರ? ‘ಮಾದರಿ’ ಅಂದರೆ ಹಾಗೆಯೇ ಇರಬೇಕು ಅಂದ ಹಾಗೆ. ‘ಸುಡುಗಾಡು’, ‘ಹುಟ್ಟುಗುಣ’ ಪದಗಳ ದಾರಿಯಲ್ಲಿ ಕ್ರಿಯಾಪದಕ್ಕೆ ನಾಮಪದ ಜೋಡಿಸಿ ‘ನೋಡುಚಿತ್ರ’ ಅಂತ ಕಟ್ಟಿದೆ. ‘ಅದು ಸಿನಿಮಾನಾ?’ ಅಂತ ಕೇಳಿದರು. ಬಿಟ್ಟೆ.

ನನ್ನ ಮುಖ್ಯ ಪ್ರಶ್ನೆ ಬೇರೆಯೇ ಇದೆ. ಫೋಟೊದಲ್ಲಿ ಕಾಣದ್ದನ್ನು ತಿಳಿವಿನಿಂದ ತುಂಬುವ ಕೆಲಸಕ್ಕೆ ಏನನ್ನಬೇಕು? ಮಸುಕು ಫೋಟೊದಲ್ಲಿ ಕಣ್ಣು ಒಂದು ಕಪ್ಪು ಮಚ್ಚೆ ಅಷ್ಟೇ. ಆದರೆ ಬೆಕ್ಕಿನ ಪಾಪೆ ಬೆಳಕಿಗೆ ನೆಟ್ಟಗಿನ ಸೀಳಾಗುತ್ತದೆ, ಹುಲಿಯದು ದುಂಡಗೇ ಇರುತ್ತದೆ, ಜಿಂಕೆಯದು ಅಡ್ಡಕ್ಕೆ ಉದ್ದ. ಇದು ಗೊತ್ತಿದ್ದವರು ಆ ಮಚ್ಚೆಯೊಳಗೆ ಸರಿಯಾದ ಕಣ್ಣನ್ನೇ ಇಡುತ್ತಾರೆ. ಹಿಂಗಾಲಿನ ನಡುವೆ ಹಿಂದಕ್ಕೆ ಮಡಿಚಿದ ಹಾಗೆ ಕಾಣುವುದು ಮೊಣಕಾಲಲ್ಲ, ಹಿಮ್ಮಡಿ. ಮೊಣಕಾಲು ಇನ್ನೂ ಮೇಲೆ, ಹೊಟ್ಟೆಯ ಪಕ್ಕ. ಇದು ಗೊತ್ತಿದ್ದರೆ ಕರಗಿ ಹೋದ ಕಾಲನ್ನೂ ಮತ್ತೆ ಕಟ್ಟಬಹುದು.

ಇದನ್ನು ‘ಊಹೆ’ ಅನ್ನಲು ಮನಸ್ಸು ಬಾರದು. ಊಹೆ ಅಂದರೆ 1515ರಲ್ಲಿ ಜರ್ಮನಿಯ ಚಿತ್ರಕಾರ ಡ್ಯೂರರ್ ಮಾಡಿದ್ದು. ಭಾರತದಿಂದ ಲಿಸ್ಬನ್‌ಗೆ ಹಡಗಿನಲ್ಲಿ ಹೋದ ಘೇಂಡಾಮೃಗವನ್ನು ಅವನು ಕಣ್ಣಾರೆ ನೋಡಲಿಲ್ಲ. ಬೇರೆಯವರ ವರ್ಣನೆ ಮತ್ತು ಒಂದು ಗೀಚುಚಿತ್ರ ನಂಬಿ ಮರದ ಅಚ್ಚಿಗೆ ಚಿತ್ರ ಬರೆದ. ಚರ್ಮದ ಮಡಿಕೆಗಳು ಉಕ್ಕಿನ ಕವಚವಾದವು, ಕಾಲಿಗೆ ಹುರುಪೆ ಬಂತು, ಹೆಗಲ ಮೇಲೆ ಇಲ್ಲದ ಒಂದು ಪುಟ್ಟ ಕೊಂಬೂ ಮೂಡಿತು. ಚಿತ್ರ ಅದ್ಭುತವೇ, ಎಷ್ಟೋ ಕಾಲ ಯುರೋಪಿನಲ್ಲಿ ಜನ ಅದನ್ನೇ ನಿಜ ಅಂದುಕೊಂಡಿದ್ದರು. ಆದರೆ ನಾನು ಹೇಳುತ್ತಿರುವುದು ಅದಕ್ಕೆ ಉಲ್ಟಾ.

‘ಅಂದಾಜು’ ಅಂದರೆ ಅಳತೆಯ ವಾಸನೆ. ‘ಕಲ್ಪನೆ’ ಇನ್ನೂ ದೂರ. ಹತ್ತಿರ ಬರುವುದು ನಮ್ಮ ‘ಬಿಡಿಸು’ವೇ ಅನ್ನಿಸುತ್ತದೆ. ಗಂಟು ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಚಿತ್ರವನ್ನೂ ಬಿಡಿಸುತ್ತೇವೆ. ಸಿಕ್ಕಾಗಿರುವುದರೊಳಗಿಂದ ಇದ್ದದ್ದನ್ನೇ ಹೊರಗೆ ತೆಗೆಯುವುದು. ಹಾಗಾದರೆ ಚೊಕ್ಕ ಫೋಟೊ ನೋಡಿ ಚಿತ್ರ ‘ಬರೆಯುವುದು’, ಕೆಟ್ಟ ಫೋಟೊದಿಂದ ಚಿತ್ರ ‘ಬಿಡಿಸುವುದು’ ಅಂತ ಎರಡನ್ನೂ ಬೇರೆ ಮಾಡಿದರೆ ಹೇಗೆ? ಆದರೆ ಆಡುಮಾತಿನಲ್ಲಿ ಜನ ಎರಡನ್ನೂ ಒಂದೇ ಅರ್ಥಕ್ಕೆ ಬಳಸುತ್ತಾರೆ. ನಾನೊಬ್ಬನೇ ಬೇಲಿ ಹಾಕಿದರೆ ನಿಲ್ಲುತ್ತದೋ ಇಲ್ಲವೋ.

ಅಂದ ಹಾಗೆ ಇನ್ನೊಂದು. ಜಿಂಕೆಯ ಕೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುತ್ತದೆ, ಕೃಷ್ಣಮೃಗದ್ದು ಉದುರುವುದೇ ಇಲ್ಲ. ಎರಡಕ್ಕೂ ‘ಕೊಂಬು’ ಅನ್ನುತ್ತೇವೆ. ಉದುರುವ ಕೊಂಬಿಗೆ ಬೇರೆ ಪದ ಕೇಳಿದ್ದೀರಾ? ‘ಕವಲುಗೊಂಬು’ ಅಂತ ಬರೆದು, ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿಟ್ಟಿದ್ದೇನೆ.