ಮೊಬೈಲ್ ಫುಡ್ ಪ್ಯಾಂಟ್ರಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಇಲ್ಲಿನ ಕನ್ನಡ ಸಂಘದ ಪತ್ರಿಕೆಗೆ ಅಮೆರಿಕದ ಮೊಬೈಲ್ ಫುಡ್ ಪ್ಯಾಂಟ್ರಿಗಳ ಬಗ್ಗೆ ಬರೆಯುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ಸಹಾಯ ಬೇಕು.

ಮೊದಲು ಅದೇನು ಅಂತ ಹೇಳಿಬಿಡುತ್ತೇನೆ. ಅಂಗಡಿ ದೂರ, ಬಸ್ಸೂ ಇಲ್ಲ ಅನ್ನುವಂಥ ಕಡೆಗೆ ಲಾರಿ ಬಂದು ಚರ್ಚಿನದೋ ಶಾಲೆಯದೋ ಪಾರ್ಕಿಂಗ್ ಜಾಗದಲ್ಲಿ ನಿಲ್ಲುತ್ತದೆ. ಎಷ್ಟೋ ಕಡೆ ಜನ ಕಾರಲ್ಲೇ ಸಾಲಾಗಿ ಬರುತ್ತಾರೆ, ಎಷ್ಟು ಮನೆಗೆ ಬೇಕು ಅಂತ ಕೇಳಿಕೊಂಡು ಆಲೂಗಡ್ಡೆ ಚೀಲ, ಹಾಲು, ಬ್ರೆಡ್ಡು, ಡಬ್ಬಿಯಲ್ಲಿ ಬರುವ ಬೀನ್ಸ್ ಎಲ್ಲವನ್ನೂ ಸ್ವಯಂಸೇವಕರೇ ಡಿಕ್ಕಿಯಲ್ಲಿಟ್ಟು ಕಳಿಸುತ್ತಾರೆ. ಎಲ್ಲ ಪುಕ್ಕಟೆ. ಬೇಯಿಸಿದ ಊಟ ಕೊಡೋದಿಲ್ಲ, ಇದನ್ನು ಗಮನದಲ್ಲಿಡಿ.

ಫುಡ್ ಬ್ಯಾಂಕ್ ಬೇರೆ, ಅದು ಇಂಥ ಪ್ಯಾಂಟ್ರಿಗಳಿಗೆ ಸಾಮಾನು ಕಳಿಸುವ ಗೋದಾಮು. ಮೊದಲನೆಯದನ್ನು 1967ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗೆಲ್ ಶುರು ಮಾಡಿದರು. ಮಿಕ್ಕಿದ್ದನ್ನು ತಂದು ಇಡುವವರು ಇಡಲಿ, ಬೇಕಾದವರು ತೆಗೆದುಕೊಳ್ಳಲಿ ಅಂತಲೇ ಬ್ಯಾಂಕ್ ಅಂದದ್ದು, ಆ ಪದ ಹಾಗೇ ಇರಲಿ. ಪ್ಯಾಂಟ್ರಿ ಮಾತ್ರ ಕಷ್ಟ. ಉಗ್ರಾಣ ಅಂದ ಕೂಡಲೇ ನಮಗೆ ಮದುವೆಮನೆ ನೆನಪಾಗುತ್ತದೆ. ದಾಸೋಹ, ಅನ್ನಛತ್ರ ಎರಡೂ ಕೂತು ಉಣ್ಣುವ ಜಾಗ. ಸ್ವಯಂಪಾಕ ತೀರಾ ಹತ್ತಿರದ್ದು, ಅಕ್ಕಿ ಬೇಳೆ ತರಕಾರಿ ಕೊಟ್ಟು ಅವರೇ ಬೇಯಿಸಿಕೊಳ್ಳಲಿ ಅನ್ನೋದು, ಆದರೆ ದಾನ, ದಕ್ಷಿಣೆ, ಜಾತಿ ಎಲ್ಲ ಅದಕ್ಕೆ ಅಂಟಿಕೊಂಡಿವೆ. ನನಗೆ ಹಿಡಿಸಿದ್ದು ‘ಪಡಿ’, ಪಡಿತರದಲ್ಲಿರುವ ಪಡಿಯೇ. ಅಳೆದು ಕೊಡುವ ಪಾಲು ಅನ್ನೋ ಅರ್ಥ ಅದರಲ್ಲಿದೆ. ‘ಪಡಿ ಗಾಡಿ’ ಅನ್ನಬಹುದಾ? ಅಥವಾ ಕೋವಿಡ್ ಹೊತ್ತಲ್ಲಿ ಊರಲ್ಲೆಲ್ಲ ದಿನಸಿ ಕಿಟ್ ಅಂತಿದ್ದರಲ್ಲ, ಹಾಗೆ ‘ದಿನಸಿ ಗಾಡಿ’ಯೇ ಸಾಕಾ? ಸಾಲಲ್ಲಿ ನಿಂತವರು ತಲೆ ತಗ್ಗಿಸದೆ ಹೇಳಿಕೊಳ್ಳುವಂಥ ಪದ ಬೇಕು, ನನಗೆ ಅದು ಎಲ್ಲಕ್ಕಿಂತ ಮುಖ್ಯ.

ಇನ್ನೊಂದು ಪದ ಫುಡ್ ಇನ್‌ಸೆಕ್ಯುರಿಟಿ, ಅಂದರೆ ದುಡ್ಡಿಲ್ಲದೆ ಮನೆಯಲ್ಲಿ ಊಟಕ್ಕೆ ಸಾಕಷ್ಟು ಇರುತ್ತದೋ ಇಲ್ಲವೋ ಅನ್ನೋ ಸ್ಥಿತಿ. ನಮ್ಮಲ್ಲಿ 2013ರ ಆಹಾರ ಭದ್ರತಾ ಕಾಯ್ದೆ ಇದೆ, ಅದನ್ನು ತಿರುಗಿಸಿ ‘ಆಹಾರ ಅಭದ್ರತೆ’ ಅಂತ ಬರೆಯುತ್ತಾರೆ. ಓದಲು ಸರಿ, ಬಾಯಲ್ಲಿ ಯಾರೂ ಹೇಳೋದಿಲ್ಲ. ಸುಮ್ನೆ ಹಸಿವು ಅಂದರೂ ಸಾಲದು. ಅಮೆರಿಕದ ಕೃಷಿ ಇಲಾಖೆ ಕೂಡ 2006ರಲ್ಲಿ ಮನೆಗಳ ಊಟದ ಸ್ಥಿತಿಯನ್ನು ವಿಂಗಡಿಸಲು ತಾನು ಬಳಸುವ ಹೆಸರುಗಳಿಂದ ಹಸಿವು ಅನ್ನೋದನ್ನು ಕೈಬಿಟ್ಟಿತು, ಹಸಿವು ಒಬ್ಬೊಬ್ಬರ ಹೊಟ್ಟೆಗೆ ಆಗುವಂಥದ್ದು, ಅವರು ಅಳೆಯುತ್ತಿದ್ದದ್ದು ಮನೆಯ ಪರಿಸ್ಥಿತಿ. ಅವರ ಸಮೀಕ್ಷೆಯಲ್ಲಿ ಒಂದು ಪ್ರಶ್ನೆ ಹೆಚ್ಚುಕಡಿಮೆ ಹೀಗಿತ್ತು: ಮತ್ತೆ ಕೊಳ್ಳಲು ದುಡ್ಡು ಬರುವ ಮೊದಲೇ ಊಟದ ಸಾಮಾನು ಮುಗಿದುಬಿಡುತ್ತದೇನೋ ಅಂತ ಚಿಂತೆಯಾಗಿತ್ತಾ? ಈ ಚಿಂತೆಗೆ ಹೆಸರು ಬೇಕು. ‘ಊಟಕ್ಕೆ ತತ್ವಾರ’ ಅಂತಾರಲ್ಲ, ಅದು ಏನೂ ಇಲ್ಲದ ಸ್ಥಿತಿಯನ್ನೇ ಹೇಳುತ್ತದಾ, ಇವತ್ತಿಗೆ ಇದೆ, ಮುಂದಿನ ವಾರಕ್ಕೆ ಗೊತ್ತಿಲ್ಲ ಅನ್ನೋದಕ್ಕೂ ಒಗ್ಗುತ್ತದಾ? ಉತ್ತರ ಕರ್ನಾಟಕದವರು, ಕರಾವಳಿಯವರು ನಿಮ್ಮ ಕಡೆ ಇದಕ್ಕೆ ಮನೆಮಾತಲ್ಲಿ ಏನಂತಾರೆ, ದಯವಿಟ್ಟು ಬರೆಯಿರಿ.