ಬಾವಿ ನೀರು ಗುಲಾಬಿ ಆಯ್ತು, ಪಾದರಸ ಅಂತ ನಂಬಬಹುದಾ?

ನಾಪೋಕ್ಲು ಹುಡುಗಿ:
ನಾನು ಎಂಎಸ್ಸಿ ಕೆಮಿಸ್ಟ್ರಿ ಕೊನೆ ವರ್ಷ. ಪ್ರಾಜೆಕ್ಟಿಗೆ ರೋಡಮೈನ್ ಬಿ ಬಣ್ಣದಿಂದ ಪಾದರಸ ಹಿಡಿಯುವ ಸೆನ್ಸರ್ ಮಾಡಿದ್ದೇನೆ. ಸುಮ್ನೆ ಇದ್ದರೆ ಬಣ್ಣವಿಲ್ಲ. ಪಾದರಸದ ಅಯಾನು ತಗುಲಿದರೆ ಅಣುವಿನ ಮುಚ್ಚಿದ ಉಂಗುರ ಬಿಚ್ಚಿಕೊಂಡು ಗುಲಾಬಿ ಆಗುತ್ತದೆ, ಯುವಿ ಟಾರ್ಚ್ ಹಿಡಿದರೆ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಕೈಲ್ ಪೊಳ್ದ್ ಹಬ್ಬಕ್ಕೆ ಮನೆಗೆ ಹೋದಾಗ ನಮ್ಮ ಬಾವಿ ನೀರು ತಂದಿದ್ದೆ. ಸೆನ್ಸರ್ ಹಾಕಿದ ಕೂಡಲೇ ದಾಳಿಂಬೆ ರಸದ ಹಾಗಾಯ್ತು! ಡಿಸ್ಟಿಲ್ಡ್ ವಾಟರ್ ಮಾತ್ರ ತೆಪ್ಪಗಿದೆ. ಅಪ್ಪನಿಗೆ ಫೋನಲ್ಲಿ ಹೇಳಿದ್ದೇ ತಪ್ಪಾಯ್ತು, ಎರಡು ದಿನದಿಂದ ಪಕ್ಕದ ಮನೆಯಿಂದ ಕೊಡದಲ್ಲಿ ನೀರು ಹೊರಿಸುತ್ತಿದ್ದಾರೆ. ಕಾಫಿ ತೋಟಕ್ಕೆ ಪಾದರಸ ಎಲ್ಲಿಂದ ಬರಬೇಕು?

ಕರಿಮೆಣಸು:
ಬಾವಿ ಹತ್ತಿರ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಡ್ರಮ್ ತೊಳೆದಿದ್ದಾರಾ ಕೇಳಿ. ಮೆಣಸಿನ ಬಳ್ಳಿಗೆ ಹೊಡೆಯುವ ಮೈಲುತುತ್ತ ಅಂದ್ರೆ ತಾಮ್ರ ಅಲ್ವಾ? ಎಷ್ಟೋ ರೋಡಮೈನ್ ಸೆನ್ಸರ್‌ಗಳು ತಾಮ್ರಕ್ಕೂ ಗುಲಾಬಿ ಆಗುತ್ತವೆ.

ಲ್ಯಾಬ್ ಅಣ್ಣ:
ತಾಮ್ರ ಆಮೇಲೆ ನೋಡೋಣ. ಬಾಟಲಿಗೆ ನೈಟ್ರಿಕ್ ಆಸಿಡ್ ಹಾಕಿದ್ರಾ?

ನಾಪೋಕ್ಲು ಹುಡುಗಿ:
ಹೌದು ಸಾರ್. ಲೋಹ ಬಾಟಲಿ ಗೋಡೆಗೆ ಅಂಟಬಾರದು ಅಂತ 100 ಎಂಎಲ್‌ಗೆ ಐದು ಹನಿ.

ಲ್ಯಾಬ್ ಅಣ್ಣ:
ಹಾಗಾದರೆ ಬಾವಿಯನ್ನು ಬೈಯಬೇಡಿ. ಆ ಉಂಗುರ ಆಸಿಡ್‌ಗೂ ಬಿಚ್ಚುತ್ತದೆ. ಡಿಸ್ಟಿಲ್ಡ್ ವಾಟರ್‌ಗೂ ಅದೇ ಅಳತೆಯಲ್ಲಿ ಆಸಿಡ್ ಹಾಕಿ ನೋಡಿ, ಗೊತ್ತಾಗುತ್ತದೆ. ಆಮೇಲೆ ಬಾವಿ ನೀರನ್ನು ಪಿಎಚ್ 7ಕ್ಕೆ, ಅಂದರೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಮಟ್ಟಕ್ಕೆ ತಂದು, ಅದು ಅಲ್ಲೇ ನಿಲ್ಲುವಂತೆ ಬಫರ್ ಹಾಕಿ ಮತ್ತೆ ಮಾಡಿ. ಅದೇ ನೀರಿಗೆ ಅಳೆದು ಪಾದರಸ ಬೆರೆಸಿಯೂ ಒಂದು ಸಲ ನೋಡಿ. ಎಲೆ ಕೊಳೆತ ನೀರಿನ ಹ್ಯೂಮಿಕ್ ಅಂಶ ಪಾದರಸವನ್ನು ಹಿಡಿದಿಟ್ಟುಕೊಂಡರೆ ಸೆನ್ಸರ್ ಕೈಗೆ ಅದು ಸಿಗುವುದೇ ಇಲ್ಲ. ಬೆರೆಸಿದ್ದನ್ನು ಸಿಂಕಿಗೆ ಚೆಲ್ಲಬೇಡಿ, ಮಾರಾಯ್ರೆ!

ಬಣ್ಣ ಬರಲಿಲ್ಲ ಅಂತ ಕುಣಿಯುವ ಹಾಗೂ ಇಲ್ಲ. ಬರಿಗಣ್ಣಿಗೆ ಗುಲಾಬಿ ಕಾಣಲು ಸುಮಾರಾಗಿ ಒಂದು ಮೈಕ್ರೋಮೋಲಾರ್ ಆದರೂ ಬೇಕು, ಅಂದರೆ ಲೀಟರಿಗೆ 200 ಮೈಕ್ರೋಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನದಂಡ ಐಎಸ್ 10500 ಹೇಳುವ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ಮಧ್ಯೆ ಇರುವುದೆಲ್ಲ ನಿಮ್ಮ ಕಣ್ಣಿಂದ ತಪ್ಪಿಸಿಕೊಳ್ಳುತ್ತದೆ. ಕೋಲ್ಡ್ ವೇಪರ್ ಎಎಎಸ್ (ಅತಿ ಕಡಿಮೆ ಪಾದರಸವನ್ನೂ ಅಳೆಯುವ ಉಪಕರಣ) ಇರುವ ಲ್ಯಾಬಿಗೆ ಒಂದು ಬಾಟಲಿ ಕೊಡಿ.

ನಾಪೋಕ್ಲು ಹುಡುಗಿ:
ಡಿಸ್ಟಿಲ್ಡ್ ವಾಟರೂ ದಾಳಿಂಬೆ ಆಯ್ತು ಸಾರ್! ಪಿಎಚ್ 7ರಲ್ಲಿ ಬಾವಿ ನೀರಿಗೆ ಬಣ್ಣವೇ ಇಲ್ಲ. ಪಾದರಸ ಬೆರೆಸಿದ್ದು ಗುಲಾಬಿ ಆಯ್ತು, ಸ್ವಲ್ಪ ಮಂಕು. ಬಾಟಲಿ ಲ್ಯಾಬಿಗೆ ಹೋಗಿದೆ. ಅಪ್ಪನಿಗೂ ಹೇಳಿದೆ. ರಿಪೋರ್ಟ್ ಬರಲಿ ಅಂದರು, ಕೊಡ ಇನ್ನೂ ಹೊರಿಸುತ್ತಿದ್ದಾರೆ.