ಕಾನಿನ ಕೆರೆ: ಹೂಳೆತ್ತೋದಾ, ಕೋಡಿ ಏರಿಸೋದಾ?

ಕಾನಂಚು:
ಸೊರಬ ಕಡೆಯ ದೇವರಕಾನು, ಅಂದರೆ ದೇವರ ಹೆಸರಲ್ಲಿ ಉಳಿಸಿಕೊಂಡ ಕಾಡು. ಒಳಗೊಂದು ಕೆರೆ, ತುಂಬಿದಾಗ ಸುಮಾರು ಎರಡು ಎಕರೆ. ಕೆಳಗೆ 14 ಎಕರೆ ಗದ್ದೆ. ಕಾನಿನ ಮರಕ್ಕೆ ಕೊಡಲಿ ತಾಗಿಸೋ ಪದ್ಧತಿ ಇಲ್ಲ. ಜನವರಿ ಕೊನೆವರೆಗೂ ಸಿಗುತ್ತಿದ್ದ ನೀರು ಈಗ ಡಿಸೆಂಬರ್ ನಡುವಿಗೇ ತೂಬಿನ (ಗದ್ದೆಗೆ ನೀರು ಬಿಡೋ ದ್ವಾರ) ಕಂಡಿಗಿಂತ ಕೆಳಗಿಳಿಯುತ್ತೆ. ಜೆಸಿಬಿ ಇಳಿಸಿ ಆರಡಿ ಹೂಳೆತ್ತಿ ಅಂತ ಅರ್ಧ ಸಮಿತಿ, ಹೆಚ್ಚಾದ ನೀರು ಹೊರಹೋಗೋ ಕೋಡಿಯನ್ನು ಒಂದಡಿ ಏರಿಸಿ ಅಂತ ಇನ್ನರ್ಧ. ತೂಬಿನ ಹತ್ತಿರದವರಿಗೆ ನೀರು ಹೆಚ್ಚು, ಕೊನೆ ಗದ್ದೆಗೆ ತೇವವೂ ಇಲ್ಲ. ಯಾವುದು ಸರಿ? ಅರಣ್ಯದ ಅನುಮತಿ ಬೇಕಾ?

ತೂಬುಕಲ್ಲು:
ಎರಡನ್ನೂ ಬದಿಗಿಡಿ. ಮೊದಲು ತೂಬು ಬಿಗಿಯಾಗಿ ಮುಚ್ಚಿ, ಕಾಲುವೆ ಬಾಯಿಗೆ 20 ಲೀಟರ್ ಬಕೆಟ್ ಹಿಡಿಯಿರಿ. 20 ಸೆಕೆಂಡಿಗೆ ತುಂಬಿದರೆ ಸೋರಿಕೆ ಸೆಕೆಂಡಿಗೆ ಒಂದು ಲೀಟರ್, ದಿನಕ್ಕೆ 86,400 ಲೀಟರ್. ಎರಡು ಎಕರೆ ಕೆರೆ ಒಂದು ಸೆಂ.ಮೀ. ಇಳಿಯೋಕೆ ಹೋಗೋದು ಸುಮಾರು 81,000 ಲೀಟರ್. ಅಂದರೆ ನೋಡೋಕೆ ಸಣ್ಣ ಆ ಧಾರೆ ತಿಂಗಳಿಗೆ ಒಂದಡಿ ನೀರು ತಿನ್ನುತ್ತೆ, ಕೋಡಿ ಏರಿಸಿ ನೀವು ಗಳಿಸಬೇಕು ಅಂದುಕೊಂಡಿರೋ ಅದೇ ಒಂದಡಿ!

ನೀರು ತಿಳಿಯಾಗಿದ್ದರೆ ತಪ್ಪು ಬಹುತೇಕ ಕಂಡಿ ಮುಚ್ಚೋ ಮರದ ಬೆಣೆಯದ್ದು. ಬೇಸಿಗೆಯಲ್ಲಿ ಒಣಗಿ ಸೀಳು ಬಿಡುತ್ತೆ, ಒಂದು ಪಕ್ಕ ಮಾತ್ರ ಸವೆಯುತ್ತೆ. ಗೋಣಿ ಸುತ್ತೋದು ಒಂದು ಹಂಗಾಮಿನ ಉಪಾಯ ಅಷ್ಟೆ. ಗಟ್ಟಿ ಮರದಲ್ಲಿ ತುದಿ ಸಣ್ಣಗಾಗೋ ಹಾಗೆ ಕಡೆಸಿ, ಕೂರಿಸೋ ಮೊದಲು ಕೆಲವು ದಿನ ನೀರಲ್ಲಿ ಮುಳುಗಿಸಿಡಿ, ಉಬ್ಬಿದ ಮೇಲೆ ಕಂಡಿಗೆ ಹೊಂದಿಸಿ. ಕಲ್ಲಿನ ಕಂಡಿಯ ಅಂಚು ಚಕ್ಕೆ ಎದ್ದಿದ್ದರೆ ಕೆರೆ ಇಳಿದಾಗ ಗಾರೆ ತುಂಬಿ.

ನೀರು ಕೆಂಪಗೆ, ಮಣ್ಣು ಹೊತ್ತು ಬಂದರೆ ವಿಷಯ ಬೇರೆ. ಕಲ್ಲುಗಾಲುವೆಯ ಹೊರಮೈ ಗುಂಟ ಏರಿಯೊಳಗೆ (ಕೆರೆಯ ಮಣ್ಣಿನ ಕಟ್ಟೆ) ಬಿಲ ಕೊರೀತಿದೆ ಅಂತ ಅರ್ಥ. ಆಗ ಹೊರಗಡೆ ಜೇಡಿ ಮೆತ್ತಬೇಡಿ, ಒತ್ತಡ ಇನ್ನೊಂದು ಕಡೆ ದಾರಿ ಮಾಡುತ್ತೆ. ಅಲ್ಲಿ ಮರಳು, ಅದರ ಮೇಲೆ ಜಲ್ಲಿ, ಮೇಲೆ ದಪ್ಪ ಕಲ್ಲು ಹೇರಿ: ನೀರು ಬರಲಿ, ಮಣ್ಣು ಬರಬಾರದು. ಕೆರೆ ನಿಧಾನವಾಗಿ ಇಳಿಸಿ. ಪೂರ್ತಿ ಬತ್ತಿದ ಮೇಲೆ ಅಷ್ಟು ಭಾಗ ಬಗೆದು, ಹದವಾಗಿ ನೆನೆದ ಜೇಡಿಯನ್ನು 15 ಸೆಂ.ಮೀ. ಪದರಗಳಲ್ಲಿ ದಿಮ್ಮಸು ಹೊಡೆದು ಕಟ್ಟಬೇಕು.

ಜಡ್ಡಿನೀರು:
ಕೋಡಿ ಮುಟ್ಟಲೇಬೇಡಿ. ಕೋಡಿಗೂ ಏರಿಯ ತಲೆಗೂ ನಡುವಿನ ಎತ್ತರ ದೊಡ್ಡ ಮಳೆಗೆ ಅಂತ ಬಿಟ್ಟಿರೋದು. ಮರಳಿನ ಚೀಲ ಇಟ್ಟರೂ ಅದೇ ಅಪಾಯ, ನೀರು ಏರಿಯ ಮೇಲೆ ಹರಿದ್ರೆ ಮಣ್ಣಿನ ಏರಿ ಉಳಿಯಲ್ಲ. ಕೆರೆ ಅಂಚಲ್ಲಿ ರಾಮಪತ್ರೆ ಜಡ್ಡಿ (ರಾಮಪತ್ರೆ ಮರಗಳ ಜೌಗು) ಇದ್ದರಂತೂ ಆ ಮರಗಳ ಮಂಡಿಯಂತೆ ಬಾಗಿದ ಮಂಡಿಬೇರು ಉಸಿರಾಡೋದೇ ನೀರಿನ ಮೇಲೆ ಚಾಚಿಕೊಂಡು. ಅದನ್ನು ಮುಳುಗಿಸಿ ಏನು ಸಂರಕ್ಷಣೆ?

ಆರಡಿ ಹೂಳಿನ ಲೆಕ್ಕವೂ ದಂಡ. ತೂಬಿನ ಕಂಡಿಗಿಂತ ಕೆಳಗೆ ತೋಡಿದ ನೀರು ತಾನಾಗಿ ಗದ್ದೆಗೆ ಹರಿಯಲ್ಲ, ದನಕ್ಕೂ ಪ್ರಾಣಿಗಳಿಗೂ ಆಯ್ತು ಅಷ್ಟೆ. ಐದಾರು ಕಡೆ ಹಾರೆಯಲ್ಲಿ ಗುಂಡಿ ತೆಗೆದು ನೋಡಿ. ಮೇಲೆ ಕಪ್ಪು, ಮೆದು, ಎಲೆ ಕೊಳೆತ ವಾಸನೆಯ ಹೂಳು. ಕೆಳಗೆ ಉಂಡೆ ಕಟ್ಟಿದರೆ ಬಿರಿಯದ ಅಂಟು ಜೇಡಿ. ಆ ಜೇಡಿಯೇ ಕೆರೆಯ ತಳ, ಅದಕ್ಕಿಂತ ಒಂದು ಗೇಣು ಮೇಲೇ ನಿಲ್ಲಿಸಿ. ಅದು ತೂತಾದರೆ ಕೆರೆ ಜರಡಿ. ಏರಿಯ ಬುಡದ ಹತ್ತಿರ ಅಗೆಯಬೇಡಿ.

ಹೂಳು ಬರೋ ದಾರಿ ಹುಡುಕಿ. ಕೆರೆಗೆ ಬರೋ ಹಳ್ಳದ ಇಳಿಜಾರಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸ್ತಿದ್ದಾರಾ? ತೋಟಕ್ಕೆ ದರಕು ಬೇಕು, ಒಪ್ಪಿದೆ. ಆದರೆ ನೆಲ ಬೆತ್ತಲಾದ ಕಡೆ ಮೊದಲ ಮಳೆ ಇಂಗೋ ಬದಲು ಮಣ್ಣು ಹೊತ್ತು ಕೆರೆಗೆ ಬೀಳುತ್ತೆ. ಹಳ್ಳದ ಎರಡೂ ದಡದಲ್ಲಿ ಒಂದು ಪಟ್ಟಿ ದರಕು ಮುಟ್ಟದ ಹಾಗೆ ಸಮಿತಿ ಗುರುತು ಹಾಕಲಿ. ಜೆಸಿಬಿ ಓಡಾಡಿದ ದಾರಿಯೂ ಮಳೆಗಾಲಕ್ಕೆ ಹಳ್ಳವಾಗುತ್ತೆ.

ನೀರುಸರದಿ:
ಕೊನೆ ಗದ್ದೆ ವಿಷಯ. ತೂಬಿನ ಕೆಳಗೆ ಕಾಲುವೆಗೆ ಅಡ್ಡಲಾಗಿ ಹಲಗೆ ಇಟ್ಟು 90 ಡಿಗ್ರಿ ಮೂಲೆಯ V ಆಕಾರದ ಕಚ್ಚು ಕೊಯ್ಯಿಸಿ. ನೀರು ಕಚ್ಚಿನಿಂದ ಹಲಗೆಗೆ ತಾಗದೆ ಕೆಳಗೆ ಬೀಳಬೇಕು. ಕಚ್ಚಿನ ತಳದಿಂದ ನೀರಿನೆತ್ತರವನ್ನು ಹಲಗೆಗಿಂತ ಎರಡಡಿ ಹಿಂದೆ ಅಳೆಯಿರಿ. 10 ಸೆಂ.ಮೀ. ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್, 15 ಇದ್ದರೆ ಸುಮಾರು 12. ಒಂದೆಕರೆಗೆ ಐದು ಸೆಂ.ಮೀ. ನೀರು ಅಂದ್ರೆ ಎರಡು ಲಕ್ಷ ಲೀಟರ್‌ಗೂ ಸ್ವಲ್ಪ ಜಾಸ್ತಿ, 12 ಲೀಟರ್ ಹರಿವಲ್ಲಿ 4 ಗಂಟೆ 40 ನಿಮಿಷ. ಹದಿನಾಲ್ಕು ಎಕರೆಗೆ ಒಂದು ಸುತ್ತು 65 ಗಂಟೆ, ಕೆರೆಯಿಂದ ಸುಮಾರು 35 ಸೆಂ.ಮೀ. ಇದಕ್ಕೆ ಮಣ್ಣು ಕಾಲುವೆ ಕುಡಿಯೋದನ್ನು ಸೇರಿಸಿ: ಕೊನೆಯಲ್ಲೂ ಒಂದು ಕಚ್ಚು ಹಲಗೆ ಇಟ್ಟು ವ್ಯತ್ಯಾಸ ನೋಡಿ, ಅಷ್ಟು ಸಮಯ ಕೊನೆಯವರಿಗೆ ಹೆಚ್ಚು ಕೊಡಿ.

ಸರದಿ ಕೊನೆ ಗದ್ದೆಯಿಂದ ಶುರುವಾಗಲಿ. ನೀರುಗಂಟಿ (ನೀರು ಹಂಚೋರು) ತೂಬಿನ ಪಕ್ಕದ ಗದ್ದೆಯವರು ಆಗಬಾರದು. ರಾತ್ರಿ ಪಾಳಿ ಒಬ್ಬರ ತಲೆಗೇ ಕಟ್ಟಬೇಡಿ.

ಅನುಮತಿಗೆ ಮುಂಚೆ ಪಹಣಿ ನೋಡಿ, ಜಾಗ ಯಾವ ಹೆಸರಲ್ಲಿದೆ ಅಂತ. ಅರಣ್ಯ ಹಕ್ಕು ಕಾಯ್ದೆ 2006ರ 3(2)ರಲ್ಲಿ ಕೆರೆ, ಕಿರು ನೀರಾವರಿ ಕಾಲುವೆಗೆ ಅವಕಾಶ ಇದೆ: ಪ್ರತಿ ಪ್ರಕರಣಕ್ಕೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಜಾಗ, ಹೆಕ್ಟೇರ್‌ಗೆ 75 ಮರದ ಮಿತಿ, ಗ್ರಾಮಸಭೆಯ ಶಿಫಾರಸು. ಆದರೆ ಅದು ಸರ್ಕಾರ ನಿರ್ವಹಿಸೋ ಸೌಲಭ್ಯಕ್ಕೆ, ಸಮಿತಿ ತಾನೇ ಯಂತ್ರ ಇಳಿಸೋಕಲ್ಲ. ಬೆಣೆ ಬದಲಿಸೋ ಕೆಲಸವನ್ನೂ ವಲಯ ಅರಣ್ಯಾಧಿಕಾರಿಗೆ ಮೊದಲೇ ಬರೆದು ತಿಳಿಸಿ.

ಕಾನಂಚು:
ಬಕೆಟ್ 14 ಸೆಕೆಂಡಿಗೆ ತುಂಬ್ತು. ನೀರು ತಿಳಿ.

ತೂಬುಕಲ್ಲು:
ದಿನಕ್ಕೆ 1.23 ಲಕ್ಷ ಲೀಟರ್, ಒಂದೂವರೆ ಸೆಂ.ಮೀ. ಬಡಗಿಯನ್ನು ಕರೆಸಿ. ಹಳೇ ಬೆಣೆಯ ಅಳತೆ ಕೊಡಬೇಡಿ, ಅದು ಸವೆದಿದೆ. ಕಂಡಿಯದ್ದೇ ಅಳತೆ ತಗೊಳ್ಳಿ.